ಒಂದು ತಂಬಿಗೆ ತಿಳಿನೀರು

ಬನಹಟ್ಟಿಯ ಕಾಶಪ್ಪ ನೂಲಿಗೆ ಬಣ್ಣ ಹಾಕುವವನು. ಅವನ ಮನೆಯ ಮುಂದಿನ ಗಟಾರ ಸೋಮವಾರ ಕೆಂಪಗೆ, ಮಂಗಳವಾರ ಹಸಿರಾಗಿ ಹರಿಯುತ್ತಿತ್ತು. ಓಣಿಯವರು ಅರ್ಜಿ ಕೊಟ್ಟರು. ಮೊದಲ ಹೆಬ್ಬೆಟ್ಟು ಪಕ್ಕದ ಮನೆ ತಂಗೆವ್ವನದು. ಬಣ್ಣದ ನೀರನ್ನು ಶುದ್ಧ ಮಾಡಿ ತೋರಿಸಬೇಕು, ಇಲ್ಲವಾದರೆ ನೂಲು ಕುದಿಸುವ ಭಟ್ಟಿಗೆ ಬೀಗ ಎಂದು ನೋಟಿಸು ಬಂತು. ಶುಕ್ರವಾರ ನಾಲ್ಕಕ್ಕೆ ತಪಾಸಣೆ.

ಕಾಶಪ್ಪ ಮಾಳಿಗೆಯ ಮೇಲೆ ಕರಿಬಣ್ಣ ಬಳಿದ ತಗಡಿನ ಪೆಟ್ಟಿಗೆ ಇಟ್ಟು, ಬಣ್ಣದ ನೀರು ತುಂಬಿ, ಗಾಜನ್ನು ಓರೆಯಾಗಿ ಮುಚ್ಚಿದ. ಬಿಸಿಲಿಗೆ ನೀರು ಆವಿಯಾಗಿ, ಗಾಜಿನ ಒಳಗೆ ಹನಿಗಟ್ಟಿ, ಬಾಟಲಿಗೆ ತಿಳಿಯಾಗಿ ಇಳಿಯುತ್ತಿತ್ತು. ಆದರೆ ಇಡೀ ದಿನಕ್ಕೆ ಒಂದೇ ಬಾಟಲಿ.

ಶುಕ್ರವಾರ ಹತ್ತಕ್ಕೆ ಹೋಗಿ ನೋಡಿದರೆ ಗಾಜಿನ ತುಂಬ ಸಂಡಿಗೆ.

“ಅತ್ತಿ, ಬಿಸಲಿಗೆ ಅಡ್ಡ ಹಾಕೀದಿಯಲ್ಲಬೇ!”

“ಬಿಸಲೇನ ನಿಮ್ಮಪ್ಪಂದನ? ಗಾಜ ಬೆಚ್ಚಗ ಐತಿ, ಲಗೂ ಒಣಗತಾವು,” ಎಂದಳು ತಂಗೆವ್ವ ತನ್ನ ಮಾಳಿಗೆಯಿಂದ.

ಒಂದೊಂದೇ ಸಂಡಿಗೆಯನ್ನು ಎಬ್ಬಿಸಿ ಹಗ್ಗದ ಹೊರಸಿಗೆ ಸಾಗಿಸುವಷ್ಟರಲ್ಲಿ ತಾಸು ಹೋಯಿತು. ಮೂರೂವರೆಗೆ ಮತ್ತೆ ಹತ್ತಿ ನೋಡಿದ. ಬಾಟಲಿ ಖಾಲಿ! ಎಲ್ಲೂ ಸೋರಿಲ್ಲ. ಪಾಪ, ಕಾಶಪ್ಪ ದಡದಡನೆ ಮಾಳಿಗೆ ಇಳಿದ. ಹಿತ್ತಲಿಗೆ ಓಡಿ ಬೋರಿನ ಸೌಳು ನೀರನ್ನೇ ಬಾಟಲಿಗೆ ತುಂಬಿದ. ಬಾಯಿಗಿಟ್ಟರೆ ಉಪ್ಪು, ಕಣ್ಣಿಗಂತೂ ತಿಳಿ.

ಅಷ್ಟರಲ್ಲಿ, ಹೊತ್ತಿಗೆ ಮೊದಲೇ ಬಂದ ತಪಾಸಣೆಯ ಸಾಹೇಬರು ತಂಗೆವ್ವನ ಕಟ್ಟೆಯ ಮೇಲೆ ಕೂತು ಬೆಲ್ಲ ತಿಂದು, ಅರ್ಧ ತಂಬಿಗೆ ನೀರು ಕುಡಿದಾಗಿತ್ತು. ಅವರು ನೀರಿನ ಉಪ್ಪು ಅಳೆಯುವ ಪೆನ್ನಿನಂಥ ಯಂತ್ರವೊಂದನ್ನು ಕಾಶಪ್ಪ ತಂದ ಬಾಟಲಿಗೆ ಅದ್ದಿ ತಲೆಯಾಡಿಸಿದರು.

“ಇದು ಶುದ್ಧ ಆಗಿಲ್ರೀ.” ಹಾಗೆಯೇ ತಂಬಿಗೆಗೂ ಅದ್ದಿದರು. “ನೋಡ್ರಿ, ನೀರಂದ್ರ ಹಿಂಗಿರಬೇಕು! ಎಲ್ಲಿದ್ರೀ ಅವ್ವಾರ ಇದು?”

“ಇವನ ಗಾಜಿನ ಪೆಟಗಿದು. ದೊಡ್ಡ ಮಂದಿ ಬಂದಾಗ ಸೌಳ ನೀರ ಕೊಡಾಕ ಬರತೈತೇನ್ರಿ? ಬಗ್ಗಿಸಿಕೊಂಡ ಬಂದೆ.”

ಕಾಶಪ್ಪನಿಗೆ ತಂಗೆವ್ವನ ಕಾಲು ಹಿಡಿಯುವಷ್ಟು ಸಂತೋಷವಾಯಿತು. “ಸಾಹೇಬ್ರ, ಅದ ನೋಡ್ರಿ ನನ್ನ ಬಣ್ಣದ ನೀರು! ಖರೆನ ಬಿಸಲಾಗ ಶುದ್ಧ ಆಗೈತ್ರಿ. ನೀವ ಕುಡದ್ರಿ!”

ಸಾಹೇಬರ ಕೈ ಹೊಟ್ಟೆಗೆ ಹೋಯಿತು. “ಗಟಾರದ ನೀರ ಕುಡಿಸಿದ್ರೇನು ನನಗ?”

ವರದಿಯಲ್ಲಿ ಎರಡು ಕಾರಣ ಬಿದ್ದವು. ತೋರಿಸಿದ ನೀರು ಶುದ್ಧವಿಲ್ಲ. ಅಧಿಕಾರಿಗೆ ಬಣ್ಣದ ನೀರು ಕುಡಿಸಲಾಗಿದೆ. ನಾಳೆಯಿಂದ ಭಟ್ಟಿಗೆ ಬೀಗ.

ಸಹಿ ಹಾಕುವಷ್ಟರಲ್ಲಿ ಸಾಹೇಬರ ಗಂಟಲು ಒಣಗಿತ್ತು. ತಂಗೆವ್ವ ತಂಬಿಗೆಯನ್ನು ಮುಂದೆ ಸರಿಸಿದಳು. ಅವರು ಅದನ್ನು ಆಚೆ ನೂಕಿ, ಕಾಶಪ್ಪನ ಬಾಟಲಿ ಎತ್ತಿ ತಳದವರೆಗೂ ಗಟಗಟ ಕುಡಿದರು.

“ಹಾಂ,” ಎಂದರು ಬಾಯಿ ಒರೆಸಿಕೊಂಡು, “ಈಗ ಜೀವಕ್ಕ ಸಮಾಧಾನ ಆತು.”