ಅಂಬುಜಾಳ ಮಾತೃಭಾಷೆ

ತನ್ನ ಹೆಸರು, ಕೆಲಸ, ವಿಳಾಸ ತುಂಬುವವರೆಗೆ ಅಂಬರೇಶನ ಪೆನ್ಸಿಲ್ಲು ಎಲ್ಲಿಯೂ ತಡೆಯಲಿಲ್ಲ. ಮುಂದಿನ ಕಾಲಮ್ಮು ‘ಮಾತೃಭಾಷೆ’. ಸೇಡಂನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಅವನು ಮಗಳು ಅಂಬುಜಾಳನ್ನು ಒಂದನೇ ತರಗತಿಗೆ ಸೇರಿಸಬೇಕಿತ್ತು. ಅರ್ಜಿ ಕೊಡಲು ಅಂದೇ ಕಡೆಯ ದಿನ, ಅದೂ ನಾಲ್ಕು ಗಂಟೆಯೊಳಗೆ. ‘ಕನ್ನಡ’ ಎಂದು ಬರೆದ. ಏನು ಬರೆದೆಯೆಂದು ತಾಯಿ ಸಾಬಮ್ಮ ಕೇಳಿದಾಗ ಇದ್ದದ್ದನ್ನು ಹೇಳಿಬಿಟ್ಟ.

ಸಾಬಮ್ಮ ತಾಂಡೂರಿನ ಕಡೆಯವಳು, ಮೊಮ್ಮಗಳನ್ನು ತೆಲುಗಿನಲ್ಲೇ ತೂಗಿ ಮಲಗಿಸಿದವಳು. "ಕೂಸಿಗಿ ಎತ್ತಿ ಆಡಿಸಿದಾಕಿ ನಾ. ನನ್ನ ಭಾಷಾನೇ ಇಲ್ಲಂದ್ರ ಈ ಮನ್ಯಾಗ ನಾ ಯಾರೋ?" ಎಂದಳು. ಅಂಬರೇಶ ಅಳಿಸಿ ‘ತೆಲುಗು’ ಎಂದು ಬರೆದ.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಚಿಮ್ಮನಚೋಡದ ಕನ್ನಡ ಮನೆಯಿಂದ ಬಂದ ಹೆಂಡತಿ ಜಯಮಾಲಾ, ಹೆತ್ತವಳ ಭಾಷೆಗೆ ಮಾತೃಭಾಷೆ ಅನ್ನುತ್ತಾರೆಂದು ತಾನು ತಿಳಿದಿದ್ದೆ ಎಂದಷ್ಟೇ ಹೇಳಿ ಮತ್ತೆ ಬಡಿಯತೊಡಗಿದಳು. ಈ ಸಲದ ಸದ್ದು ಪಕ್ಕದ ಮನೆಯ ಸೈದಾನಬಿಯನ್ನು ಕರೆತಂದಿತು. ನಡೆಯಲು ಕಲಿತಂದಿನಿಂದ ಅಂಬುಜಾ ಹಗಲೆಲ್ಲ ಇರುವುದು ಅವಳ ಅಂಗಳದಲ್ಲೇ. ಹುಡುಗಿ ಕೋಳಿಗಳನ್ನು ಬೈಯುವುದೂ ದಖನಿ ಉರ್ದುವಿನಲ್ಲೇ, ನಂಬಿಕೆಯಿಲ್ಲದಿದ್ದರೆ ಕೋಳಿಗಳನ್ನೇ ಕೇಳಬಹುದು ಎಂದು ಅವಳ ವಾದ. ಬರೆದು ಅಳಿಸಿ, ಅಳಿಸಿ ಬರೆದು, ಕಾಲಮ್ಮು ಹಪ್ಪಳದಷ್ಟು ತೆಳ್ಳಗಾಯಿತು.

ಆಗ ಎದುರು ಮನೆಯ ಶಾಂತಕುಮಾರ ಬಂದರು. ನಿವೃತ್ತ ರೈಲ್ವೆ ಗಾರ್ಡ್; ಯಾವ ಜಗಳಕ್ಕಾದರೂ ಹಸಿರು ಬಾವುಟ ಅವರೇ ತೋರಿಸಬೇಕು.

"ನಿದ್ದ್ಯಾಗ ಯಾರೂ ಸುಳ್ಳ ಹೇಳಂಗಿಲ್ಲ. ಕೂಸು ಯಾವ ಭಾಷಾದಾಗ ಕನವರಸ್ತದ, ಅದೇ ಬರೀರಿ" ಎಂದರು.

ಊಟ ಮಾಡಿಸಿ ಅಂಬುಜಾಳನ್ನು ಮಲಗಿಸಿದರು. ಒಲೆಯ ಮೇಲಿನ ಹಾಲು ಕಾಯುವವರ ಹಾಗೆ ಐವರೂ ಸುತ್ತ ಕುಳಿತರು. ಮೂರು ಗಂಟೆಗೆ ಮಗುವಿನ ತುಟಿ ಅಲುಗಿತು.

"ಅವ್ವಾ, ನೀಳ್ಳು ದೇ."

ನೀರಿಗೆ ನೀಳ್ಳು ಅನ್ನುವುದು ತೆಲುಗಿನಲ್ಲಿ ಎಂದು ಸಾಬಮ್ಮ ಬೀಗಿದಳು. ‘ದೇ’ ಅಂದರೆ ದಖನಿಯಲ್ಲಿ ಕೊಡು, ಬೇಡಿದ್ದು ತನ್ನನ್ನು ಎಂದು ಸೈದಾನಬಿ. ಕರೆದದ್ದು ಮಾತ್ರ ಅವ್ವನನ್ನು ಎಂದು ಜಯಮಾಲಾ ಸಮಾಧಾನದಿಂದ ಹೇಳಿದಳು. ತೆಲುಗಿನಲ್ಲಿ ಅವ್ವ ಅಂದರೆ ಅಜ್ಜಿ ಎಂದು ಸಾಬಮ್ಮ ತಿಳಿಸಿದ ಮೇಲೆ ಆ ಸಮಾಧಾನವೂ ಹೋಯಿತು. ವಾದ ಎಷ್ಟು ಬಿಸಿಯೇರಿತೆಂದರೆ ನೀರು ಕೊಡುವುದನ್ನು ಎಲ್ಲರೂ ಮರೆತರು. ಅಂಬುಜಾ ತಾನೇ ಎದ್ದು ಹೋಗಿ ಕುಡಿದು ಬಂದಳು.

ಅಂಬರೇಶ ಕಾಲಮ್ಮನ್ನು ಖಾಲಿ ಬಿಟ್ಟು, ಮಗಳನ್ನು ಬೈಕಿನ ಮೇಲೆ ಕೂರಿಸಿಕೊಂಡು ಶಾಲೆಗೆ ಧಾವಿಸಿದ. ನಾಲ್ಕಕ್ಕೆ ಐದು ನಿಮಿಷವಿತ್ತು. ನಡೆದದ್ದನ್ನೆಲ್ಲ ಕೇಳಿ ಹೆಡ್‌ಮೇಡಂ ನಕ್ಕರು.

"ಇದಕ್ಕ್ಯಾಕ ಇಷ್ಟ ಒದ್ದಾಡಿದ್ರಿ? ಮಕ್ಕಳ ಭಾಷಾ ಹಿಂದಿನ ಪುಟದಾಗ ಅದ. ಎಷ್ಟ್ ಬರ್ತಾವ ಅಷ್ಟೂ ಬರೀಬಹುದು."

ಕನ್ನಡ, ತೆಲುಗು, ದಖನಿ ಎಂದು ತಾವೇ ಬರೆದು ಮೊಹರು ಒತ್ತಿದರು. ಅಂಬರೇಶನಿಗೆ ತಲೆಯ ಮೇಲಿನ ಮೋಟಾರು ಇಳಿಸಿದಂತಾಯಿತು. ಹೊರಡಲು ಎದ್ದ. ಮೇಡಂ ಹಾಳೆ ಮಗುಚಿ, ಅವನು ಖಾಲಿ ಬಿಟ್ಟ ಕಾಲಮ್ಮಿನ ಮೇಲೆ ಬೆರಳಿಟ್ಟರು.

"ಕುಂದ್ರಿ. ಇದು ಪಾಲಕರ ಪುಟ. ಇಲ್ಲಿ ಒಂದೇ ಬರೀಬೇಕು. ನಿಮ್ಮ ಮಾತೃಭಾಷಾ ಯಾವುದ್ರಿ?"

ಅಂಬರೇಶ ಬಾಯಿ ತೆರೆದ. ಅಪ್ಪ ಹೊಲದಲ್ಲಿ ಕಲಿಸಿದ್ದು ಕನ್ನಡ, ಅಮ್ಮ ಬೈದದ್ದು ತೆಲುಗು, ಕೆಟ್ಟ ಪಂಪಿಗೆ ತಾನು ಬೈಯುವುದು ದಖನಿ.

"ಮನ್ಯಾಗ ಒಂದು ಮಾತು ಕೇಳಿ ಬರ್ತೀನ್ರಿ, ಮೇಡಂ" ಎಂದುಬಿಟ್ಟ.

ಅಂದ ಮೇಲೆ ತಾನು ಏನಂದೆನೆಂದು ಹೊಳೆಯಿತು. ಆದರೆ ಮೇಡಂ ಆಗಲೇ, ಪಾಪ, ನಾಳೆ ಹತ್ತು ಗಂಟೆಯವರೆಗೆ ಸಮಯ ಕೊಟ್ಟಾಗಿತ್ತು.