ಚಾಚಾರ ವಿಮೆಗೆ ಮೂರು ವಾರ

ಇದೆಲ್ಲ ನಡೆದದ್ದು ಹೋದ ವರ್ಷ ಮೇ ತಿಂಗಳಲ್ಲಿ, ಮೂರು ವಾರದೊಳಗೆ. ಚಾಚಾ ರಜೆಗೆ ಬಂದಾಗಲೆಲ್ಲ ನಮ್ಮ ಬೀದಿಯಲ್ಲಿ ಇಂಥದ್ದು ಒಂದಾದರೂ ಆಗುತ್ತದೆ. ಆ ಸಲ ನಾಲ್ಕು ಆದವು.

ಚಾಚಾ ಅಂದರೆ ಚಳ್ಳಕೆರೆಯಲ್ಲಿ ನಮ್ಮ ಪಕ್ಕದ ಮನೆಯವರು. ಮೆಕ್ಯಾನಿಕ್. ಮೂವತ್ತೊಂದು ವರ್ಷದಿಂದ ಗಲ್ಫ್‌ನಲ್ಲಿದ್ದಾರೆ. ಚಾಚಿ ಇಲ್ಲೇ. ಅಲ್ಲಿ ಚಾಚಾರದೇ ಒಂದು ಸಣ್ಣ ಗ್ಯಾರೇಜ್ ಇದೆ. ಆರೋಗ್ಯ ವಿಮೆ ಇಲ್ಲದಿದ್ದರೆ ಅವರಿಗೆ ಅಲ್ಲಿ ವಾಸದ ಪರವಾನಗಿ ಸಿಗುವುದಿಲ್ಲ. ಹಳೆಯ ವಿಮೆ ಕಂಪನಿ ವಯಸ್ಸಾಯಿತೆಂದು ಅವರನ್ನು ಕೈಬಿಟ್ಟಿತ್ತು. ಹೊಸದು ಸಿಗದಿದ್ದರೆ ಗ್ಯಾರೇಜಿಗೆ ಬೀಗ.

"ನೀನು ಬಿಎಸ್ಸಿ ಓದಿದೀಯ. ಒಂದು ಒಳ್ಳೇದು ಹುಡುಕಿ ಕೊಡು ಬೇಟಿ" ಅಂದರು.

ನಾನು ಓದಿದ್ದು ರಸಾಯನಶಾಸ್ತ್ರ. ಆದರೂ ನನಗೆ ಹಬ್ಬ ಬಂದಂತಾಯಿತು. ಸಂಜೆಯೊಳಗೆ ಆರು ಪಾಲಿಸಿಗಳ ಕೋಷ್ಟಕ ಸಿದ್ಧವಾಗಿತ್ತು. ಹನ್ನೊಂದು ಕಾಲಂ.

ಒಂದು: ವಯಸ್ಸು

ಮೊದಲ ಕಾಲಂನಲ್ಲೇ ನಾಲ್ಕು ಪಾಲಿಸಿ ಉದುರಿದವು. ಅವು ಅರವತ್ತು ದಾಟಿದವರನ್ನು ಸೇರಿಸಿಕೊಳ್ಳುವುದಿಲ್ಲ. ಉಳಿದ ಎರಡಕ್ಕೆ ಅರವತ್ತೈದು ತುಂಬುವ ಮೊದಲೇ ಸೇರಬೇಕು. ಪಾಸ್‌ಪೋರ್ಟ್ ತೆಗೆದು ನೋಡಿದೆ. ಹುಟ್ಟಿದ ದಿನ ಜೂನ್ ಒಂದು.

"ಚಾಚಾ, ಇನ್ನು ಇಪ್ಪತ್ತೆರಡು ದಿನಕ್ಕೆ ನಿಮಗೆ ಅರವತ್ತೈದು."

ಚಾಚಿ ಅಡುಗೆಮನೆಯಿಂದ ಓಡಿ ಬಂದರು. "ಸುಳ್ಳು! ಇವರಿಗೆ ಈಗ ಅರವತ್ತೆರಡು ನಡೀತಾ ಐತೆ."

"ಮತ್ತೆ ಇದರಲ್ಲಿ?"

"ಮೇಷ್ಟ್ರು ಮೂರು ವರ್ಷ ಜಾಸ್ತಿ ಹಾಕಿದ್ರು" ಅಂದರು ಚಾಚಾ. "ಅಣ್ಣನ ಜೊತೆ ಒಂದೇ ಕ್ಲಾಸಲ್ಲಿ ಕೂತ್ರೆ ಇಬ್ಬರಿಗೂ ಒಂದೇ ಸೆಟ್ ಪುಸ್ತಕ ಸಾಕಾಗ್ತದೆ ಅಂತ ಅಬ್ಬಾನೇ ಬರೆಸಿದ್ದು."

"ಸಾಕಾಯ್ತಾ?"

"ಎಲ್ಲಿ? ಅಣ್ಣ ಆರು ತಿಂಗಳಿಗೆ ಸ್ಕೂಲ್ ಬಿಟ್ಟ. ಪುಸ್ತಕಾನೂ ತಗೊಂಡು ಹೋದ."

ಎರಡು: ಖಾಲಿ ಹೊಟ್ಟೆ

ಫಾರ್ಮ್ ತುಂಬುವ ಮೊದಲು ರಕ್ತ ಪರೀಕ್ಷೆ ಆಗಲಿ ಅಂದೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕು ಎಂದು ಮೂರು ಸಲ ಹೇಳಿದ್ದೆ. ಲ್ಯಾಬಿನ ಹುಡುಗಿಯೂ ಸೂಜಿ ಹಿಡಿದು ಕೇಳಿದಳು, "ಏನಾದ್ರೂ ತಿಂದ್ರಾ?" "ಬಿಲ್ಕುಲ್ ಇಲ್ಲ" ಅಂದರು ಚಾಚಾ.

ರಿಪೋರ್ಟ್ ಬಂತು. ಸಕ್ಕರೆ ಇನ್ನೂರ ನಲವತ್ತೆಂಟು. ನನಗೆ ಅನುಮಾನ ಬಂತು. ಎದ್ದಾಗಿನಿಂದ ಕ್ರಮವಾಗಿ ಕೇಳುತ್ತಾ ಹೋದೆ.

"ಎದ್ದ ಮೇಲೆ?"

"ನಮಾಜ್."

"ಆಮೇಲೆ?"

"ಬಸ್ ಸ್ಟ್ಯಾಂಡ್ ಕಡೆ ಹೋದೆ."

"ಅಲ್ಲಿ?"

"ಒಂದು ಪ್ಲೇಟ್ ಮಂಡಕ್ಕಿ."

"ಚಾಚಾ! ಏನೂ ತಿಂದಿಲ್ಲ ಅಂದ್ರಲ್ಲ!"

"ಅರೆ, ಮಂಡಕ್ಕಿ ಊಟಾನಾ, ತಿಂಡಿನಾ? ಅದು ಬಾಯಾಡ್ಸೋಕೆ. ಗಾಳಿ ಬೇಟಿ, ಗಾಳಿ."

"ಬರೀ ಮಂಡಕ್ಕಿನಾ?"

"ಮಿರ್ಚಿ ಇಲ್ದೆ ಯಾರಾದ್ರೂ ಮಂಡಕ್ಕಿ ಕೊಡ್ತಾರಾ?"

ಮಿರ್ಚಿ ಮೂರು. ಜೊತೆಗೆ ಚಹಾ. ಚಹಾ ಕುಡಿಯುವ ಪದಾರ್ಥ, ಹುಡುಗಿ ಕೇಳಿದ್ದು ತಿಂದಿರಾ ಅಂತ. ಮರುದಿನ ನಾನೇ ಬಸ್ ಸ್ಟ್ಯಾಂಡ್ ಬಿಟ್ಟು ಸುತ್ತು ದಾರಿಯಲ್ಲಿ ಲ್ಯಾಬಿಗೆ ಕರೆದುಕೊಂಡು ಹೋದೆ. ಸಕ್ಕರೆ ನೂರ ಎಪ್ಪತ್ತು. ಇದೂ ಹೆಚ್ಚೇ. ಚಾಚಾ ಮಾತ್ರ ಎರಡು ರಿಪೋರ್ಟನ್ನೂ ಪಕ್ಕಪಕ್ಕ ಹಿಡಿದು ಖುಷಿಪಟ್ಟರು.

"ನೋಡಿದ್ಯಾ? ಎಪ್ಪತ್ತೆಂಟು ಇಳೀತು. ಅಷ್ಟೂ ಮಿರ್ಚಿದು. ಉಳಿದದ್ದೂ ನಿನ್ನೆ ತಿಂದದ್ದೇ ಇರ್ಬೇಕು."

ಮೂರು: ಸೀರೆಯ ಹಿಂಬದಿ

ಎರಡರಲ್ಲಿ ಒಂದನ್ನು ಆರಿಸಬೇಕಿತ್ತು. ಚಾಚಾಗೆ ನನ್ನ ಕೋಷ್ಟಕಕ್ಕಿಂತ ಬಾಲ್ಯದ ಗೆಳೆಯನ ಮೇಲೆ ನಂಬಿಕೆ. ಗೆಳೆಯ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ವ್ಯಾಪಾರಿ, ಎಲ್ಲರ ಬಾಯಲ್ಲೂ ಸಾಹುಕಾರ್. ಇಬ್ಬರೂ ಬಸ್ ಹತ್ತಿ ಹೋದೆವು.

ಸಾಹುಕಾರ್ ನನ್ನ ಹನ್ನೊಂದು ಕಾಲಂಗಳನ್ನು ಮಡಚಿ ದಿಂಬಿನ ಕೆಳಗಿಟ್ಟರು. ಎರಡೂ ಪಾಲಿಸಿಯ ಪುಸ್ತಿಕೆಗಳನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿದರು. ಒಂದು ದಪ್ಪ, ಹೊಳಪು ಕಾಗದ, ಮೇಲೆ ನಗುವ ಮುದುಕರು. ಇನ್ನೊಂದು ತೆಳು, ಚಿತ್ರವೇ ಇಲ್ಲ. ನನಗೆ ಸಿಟ್ಟು ಬರುವುದರಲ್ಲಿತ್ತು. ಅಷ್ಟರಲ್ಲಿ ಅವರು ಎರಡನ್ನೂ ಮಗುಚಿ ಹಾಕಿದರು.

"ಗಿರಾಕಿಗೆ ಮುಂದ್ಗಡೆ ತೋರಿಸ್ತೀವಮ್ಮ. ನೇಯ್ಗೆ ಗೊತ್ತಾಗೋದು ಹಿಂದ್ಗಡೆ. ಓದು."

ಓದಿದೆ. ಇರುವೆ ಸಾಲಿನಂಥ ಅಕ್ಷರ. ಹೊಳಪಿನದರ ಹಿಂಬದಿ: ಸ್ವದೇಶಕ್ಕೆ ಬಂದಾಗಿನ ಚಿಕಿತ್ಸೆಗೆ ಹಣ ಇಲ್ಲ. ತೆಳುವಿನದರ ಹಿಂಬದಿ: ಎರಡೂ ದೇಶಕ್ಕೆ ಅನ್ವಯ, ಆದರೆ ಕಾಯಿಲೆ ಮುಚ್ಚಿಟ್ಟರೆ ಪಾಲಿಸಿ ರದ್ದು. ನನ್ನ ಕೋಷ್ಟಕವೆಲ್ಲ ಮುಂಬದಿಯಿಂದ ತೆಗೆದದ್ದು. ದಿಂಬಿನ ಕೆಳಗೇ ಇರಲಿ ಅಂದುಕೊಂಡೆ.

"ತೆಳೂದೇ ಇರ್ಲಿ" ಅಂದರು ಸಾಹುಕಾರ್. "ಲೇ, ಕಾಯಿಲೆ ಕಾಲಂನಲ್ಲಿ ಏನು ಬರೆಸಿದೀಯ?"

"ಇಲ್ಲ ಅಂತ."

"ಸಕ್ಕರೆ ಐತೆ, ಬಿಪಿ ಐತೆ. ಇಲ್ಲ ಅಂತೀಯಲ್ಲೋ!"

"ಗಾಡಿ ಮಾರೋವಾಗ ಹೊಗೆ ಬರ್ತೈತೆ ಅಂತ ಯಾವನು ಹೇಳ್ತಾನ್ಲೇ?"

"ನೀನು ಗಾಡಿ ಕೊಳ್ಳೋವಾಗ ಏನು ಮಾಡ್ತೀಯ?"

"ಬಗ್ಗಿ, ಸೈಲೆನ್ಸರ್ ಒಳಗೆ ಬೆರಳಿಟ್ಟು ನೋಡ್ತೀನಿ."

"ಅವ್ರೂ ನೋಡ್ತಾರೆ."

ಚಳ್ಳಕೆರೆಯಲ್ಲಿ ಬಸ್ ಇಳಿಯುವಾಗ ಚಾಚಾ ಅಂದರು, "ಎರಡೂ ಹೇಳ್ಬಿಡೋಣ ಬೇಟಿ."

ನಾಲ್ಕು: ವಿಡಿಯೊ ಕರೆ

ಮೇ ಮೂವತ್ತು. ಅರವತ್ತೈದಕ್ಕೆ ಎರಡು ದಿನ. ಕಂಪನಿಯ ಡಾಕ್ಟರ್ ವಿಡಿಯೊದಲ್ಲಿ ಮಾತಾಡಿ ಕಾಯಿಲೆಗಳನ್ನು ಬರೆದುಕೊಳ್ಳುವುದು, ಆಮೇಲೆ ತೀರ್ಮಾನ. ಕನ್ನಡ ಬಲ್ಲ ಡಾಕ್ಟರೇ ಬೇಕೆಂದು ಫಾರ್ಮಿನಲ್ಲಿ ಮೊದಲೇ ಗುರುತು ಹಾಕಿದ್ದೆ. ಚಾಚಾರನ್ನು ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ಮೊಬೈಲ್ ನಿಲ್ಲಿಸಿದೆ. ಫ್ಯಾನಿನ ಸದ್ದು ಬಾರದಂತೆ ಆಫ್ ಮಾಡಿದೆ. ಜನರನ್ನು ಆಫ್ ಮಾಡಲು ಆಗಲಿಲ್ಲ. ಬಾಗಿಲಲ್ಲಿ ಚಾಚಿ, ಬಾಣಂತನಕ್ಕೆ ಬಂದಿದ್ದ ಮಗಳು, ಎದುರು ಮನೆ ಅಜ್ಜಿ, ಇದಕ್ಕೆಂದೇ ಮೊಳಕಾಲ್ಮೂರಿನಿಂದ ಬಂದ ಸಾಹುಕಾರ್.

"ಹೇಗಿದ್ದೀರಿ?" ಅಂದರು ಡಾಕ್ಟರಮ್ಮ.

"ಅಲ್ಹಮ್ದುಲಿಲ್ಲಾಹ್, ಫಸ್ಟ್ ಕ್ಲಾಸ್."

"ಏನಾದರೂ ಕಾಯಿಲೆ ಇದೆಯಾ?"

"ಅಲ್ಹಮ್ದುಲಿಲ್ಲಾಹ್."

ಆರೋಗ್ಯ ಹೇಗಿದೆ ಎಂದು ಯಾರು ಕೇಳಿದರೂ ಚಾಚಾರ ಬಾಯಿಗೆ ಬರುವುದು ಅದೊಂದೇ, ಎಲ್ಲ ದೇವರ ದಯೆ ಅಂತ. ನೂರಮೂರು ಜ್ವರದಲ್ಲೂ ಹಾಗೇ ಹೇಳಿದವರು. ಡಾಕ್ಟರಮ್ಮ 'ಇಲ್ಲ' ಎಂದು ಒತ್ತಿದರೆ ಮುಗಿಯಿತು. ಮೊಬೈಲ್ ಹಿಂದೆ ನಿಂತು ಎರಡು ಬೆರಳು ತೋರಿಸಿದೆ. ಚಾಚಾ ನನಗೂ ಎರಡು ಬೆರಳು ತೋರಿಸಿ ನಕ್ಕರು.

ಚಾಚಿಗೆ ತಡೆಯಲಾಗಲಿಲ್ಲ. "ಡಾಕ್ಟರಮ್ಮಾ, ಸಕ್ಕರೆ ಐತ್ರಿ! ಹತ್ತು ವರ್ಷ ಆಯ್ತು!"

"ಬಿಪಿನೂ ಐತೆ!" ಸಾಹುಕಾರ್ ಕೂಗಿದರು.

ಅಲ್ಲಿಗೆ ನಿಲ್ಲಬೇಕಿತ್ತು. ಆದರೆ ಡಾಕ್ಟರಮ್ಮ ಬಹಳ ಮೃದುವಾಗಿ, "ಬೇರೆ ಏನಾದರೂ ತೊಂದರೆ? ಸಂಕೋಚ ಬೇಡ" ಅಂದುಬಿಟ್ಟರು.

ನಮ್ಮ ಬೀದಿಗೆ ಡಾಕ್ಟರು ಬಂದು ಹೀಗೆ ಕೇಳಿದ್ದು ಅದೇ ಮೊದಲು.

"ಮೆಟ್ಟಿಲು ಹತ್ತಿದ್ರೆ ಮಂಡಿ ಹಿಡ್ಕೊಳ್ತದೆ" ಅಂದರು ಚಾಚಿ, ತಮ್ಮ ಮಂಡಿ ಉಜ್ಜಿಕೊಳ್ಳುತ್ತಾ.

"ಉಂಡ ಮೇಲೆ ಎದೆ ಉರೀತೈತ್ರಿ" ಅಂದರು ಸಾಹುಕಾರ್.

"ಬಲಗಣ್ಣಿಗೆ ಪೊರೆ ಬಂದೈತವ್ವಾ" ಅಂದರು ಅಜ್ಜಿ.

"ಸಿಸೇರಿಯನ್ ಆದಾಗಿಂದ ಬೆನ್ನು ನೋವು" ಅಂದಳು ಮಗಳು.

ಪರದೆಯಲ್ಲಿ ಚಾಚಾ ಒಬ್ಬರೇ. ಪ್ರತಿಯೊಂದಕ್ಕೂ ಮರ್ಯಾದೆಯಿಂದ ತಲೆಯಾಡಿಸುತ್ತಿದ್ದರು. ನಾನು ಎರಡೂ ಕೈ ಬೀಸಿದೆ. ಡಾಕ್ಟರಮ್ಮ ಎಲ್ಲವನ್ನೂ ಟೈಪ್ ಮಾಡಿಕೊಂಡು, "ಇಷ್ಟು ಪ್ರಾಮಾಣಿಕರು ಅಪರೂಪ" ಎಂದು ಕರೆ ಮುಗಿಸಿದರು.

ಮರುದಿನ ಮಧ್ಯಾಹ್ನ ಪಾಲಿಸಿ ಬಂತು! ಕಂತು ಸ್ವಲ್ಪ ಹೆಚ್ಚು, ಆದರೆ ಅಲ್ಲಿಗೂ ಆಗುತ್ತದೆ, ಚಳ್ಳಕೆರೆಗೂ ಆಗುತ್ತದೆ. ಚಾಚಾ ಕುರ್ಚಿಯಿಂದ ಹಾರಿ ಎದ್ದರು. "ಗ್ಯಾರೇಜ್ ಉಳೀತು! ಗ್ಯಾರೇಜ್ ಉಳೀತು!" ಚಾಚಿ ಇಡೀ ಬೀದಿಗೆ ಶೀರ್‌ ಖುರ್ಮಾ ಪಾಯಸ ಹಂಚಿದರು.

ನಾನು ಪಾಲಿಸಿಯನ್ನು ಹಿಂಬದಿಯಿಂದ ಓದಲು ಶುರುಮಾಡಿದೆ. ಕೊನೆಯ ಪುಟದಲ್ಲಿ, ಅರ್ಜಿದಾರರು ತಿಳಿಸಿದ ಕಾಯಿಲೆ ಮತ್ತು ಶಸ್ತ್ರಚಿಕಿತ್ಸೆಗಳ ಪಟ್ಟಿ ಇತ್ತು. ಆರನೆಯದು ಸಿಸೇರಿಯನ್.

"ತಿದ್ದಿಸೋಕೆ ಬರೀತೀನಿ ಚಾಚಾ" ಅಂದೆ.

"ಯಾಕೆ? ಏನೂ ಮುಚ್ಚಿಡಬಾರ್ದು ಅಂತ ಹಿಂದ್ಗಡೆ ಓದಿ ಹೇಳಿದವಳು ನೀನೇ ಅಲ್ವಾ?"

ಆದರೂ ಬರೆದೆ. ಪಟ್ಟಿಯಲ್ಲಿದ್ದದ್ದು ಒಟ್ಟು ಏಳು. ಚಾಚಾರವು ಎರಡು.