ಭಾವನ ಬಲಗಿವಿ ಮತ್ತು ಹಳೇ ಟ್ರ್ಯಾಕ್ಟರುಗಳು

ನಮ್ಮ ಭಾವನಿಗೆ ಇರುವುದು ಒಂದೇ ಕಿವಿ. ನೋಡುವವರಿಗೆ ಎರಡು ಕಾಣಿಸುತ್ತೆ, ನಿಜ. ಆದರೆ ಎಡಗಡೆಯದು ಕನ್ನಡಕ ಸಿಕ್ಕಿಸಿಕೊಳ್ಳುವುದಕ್ಕೆ ಮಾತ್ರ. ಆರನೇ ವಯಸ್ಸಿನಲ್ಲಿ ಮಂಗನಬಾವು ಬಂದು ಅದರ ಕಥೆ ಮುಗಿದಿತ್ತು. ಉಳಿದ ಒಂದು ಕಿವಿ ಇಟ್ಟುಕೊಂಡು ಈ ಮಹಾನುಭಾವರು ಹಿಡಿದ ಕೆಲಸ ಯಾವುದು ಗೊತ್ತಾ? ಮಿಷಿಗನ್ನಿನ ಪ್ಲಿಮತ್‌ನಲ್ಲಿ, ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ, ಕಾರಿನೊಳಗೆ ಶಬ್ದ ಬರದ ಹಾಗೆ ನೋಡಿಕೊಳ್ಳುವ ಎಂಜಿನಿಯರ್! ಅದೂ ಇಪ್ಪತ್ತಾರು ವರ್ಷ! ಒಂದು ಕಿವಿ ಕೇಳಿಸಲ್ಲ ಅಂತ ಕಂಪನಿಯವರಿಗೆ ಹೇಳಿದ್ರಾ ಭಾವ ಅಂದರೆ, ಅವರು ಕೇಳಲಿಲ್ಲ, ನಾನು ಹೇಳಲಿಲ್ಲ ಅಂದರು.

ರಿಟೈರಾದ ಮೇಲೆ ಭಾವ, ಅಕ್ಕ ಇಬ್ಬರೂ ಮಗಳಿಗೆ ಹತ್ತಿರವಾಗಲಿ ಅಂತ ಹಾಫ್‌ಮನ್ ಎಸ್ಟೇಟ್ಸ್‌ಗೆ ಬಂದರು. ನಾನು ಅಕ್ಕನ ತಂಗಿ, ಇರುವುದು ಅಲ್ಲೇ ಹತ್ತಿರದ ಬೋಲಿಂಗ್‌ಬ್ರೂಕ್‌ನಲ್ಲಿ, ಒಂದು ವೇರ್‌ಹೌಸಿನಲ್ಲಿ ಶಿಫ್ಟ್ ಮ್ಯಾನೇಜರ್. ಇಡೀ ದಿನ ದಾಂಡಿಗರ ಮೇಲೆ ಕೂಗಾಡುವ ಕೆಲಸ, ಹಾಗಾಗಿ ನನ್ನ ಬಾಯಿ ಸ್ವಲ್ಪ ಜೋರು. ಏಪ್ರಿಲ್‌ನಲ್ಲಿ ಭಾವನಿಗೆ ತಲೆಸುತ್ತು ಶುರುವಾಯಿತು. ಸ್ಕ್ಯಾನ್ ಮಾಡಿಸಿದರೆ ಬಲಗಿವಿಯ ನರದ ಮೇಲೆ ಗಡ್ಡೆ. ಬಿಟ್ಟರೆ ಮೆದುಳಿಗೆ ಒತ್ತುತ್ತೆ, ತೆಗೆದರೆ ನರವೂ ಜೊತೆಗೇ ಹೋಗುತ್ತೆ. ಜೀವ ಉಳಿಸಬಹುದು, ಕಿವಿ ಉಳಿಸಕ್ಕಾಗಲ್ಲ ಅಂದರು ಡಾಕ್ಟರು. ಅರವತ್ತು ವರ್ಷದಿಂದ ಮಲಗಿರುವ ಎಡಗಿವಿಯನ್ನು ಯಾವ ಮೆಷಿನ್ನೂ ಎಬ್ಬಿಸಲ್ಲ ಅಂತಲೂ ಹೇಳಿದರು. ಸೆಪ್ಟೆಂಬರ್ ಮೊದಲಿಗೆ, ಲೇಬರ್ ಡೇ ರಜೆಯ ಮಾರನೇ ದಿನ ಮಂಗಳವಾರಕ್ಕೆ ಆಪರೇಷನ್ ಅಂತ ನಿಗದಿಯಾಯಿತು. ಭಾವನಿಗೆ ಇನ್ನು ಕೇಳಿಸುವುದು ಒಂದು ಬೇಸಿಗೆ ಮಾತ್ರ.

ಸುದ್ದಿ ಹಬ್ಬಿದ್ದೇ ತಡ, ಜನ ನೋಡಲು ಬಂದರು. ಮುಖ ಸಾವಿನ ಮನೆಗೆ ಬಂದವರದು, ಕೈಯಲ್ಲಿ ಮಾತ್ರ ಪುಳಿಯೋಗರೆ ಡಬ್ಬ. ಇನ್ನೂ ಚೆನ್ನಾಗಿಯೇ ಕೇಳಿಸುತ್ತಿದ್ದ ಮನುಷ್ಯನ ಹತ್ತಿರ ಬಗ್ಗಿ, ಧೈರ್ಯವಾಗಿರಿ ಅಂಕಲ್ ಅಂತ ಕಿರುಚುತ್ತಿದ್ದರು. ಅದೂ ಯಾವ ಕಿವಿಗೆ? ಎಡಗಿವಿಗೆ! ಭಾವ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಅವರೆಲ್ಲ ಹೋದ ಮೇಲೆ ನನ್ನ ಕಡೆ ತಿರುಗಿ, ಒಬ್ಬರೂ ಸರಿಯಾದ ಕಿವಿಗೆ ಕೂಗಲಿಲ್ಲ, ದೇವರು ದೊಡ್ಡವನು ಅಂದರು.

ಅವರ ಮಗಳು ಪಾಪ, ಫೋನಿನ ತುಂಬ ಹಾಡು ತುಂಬಿಸಿ ಕೊಟ್ಟಳು. ಭಾವ ಎರಡು ನಿಮಿಷ ಕೇಳಿ ಇಯರ್‌ಫೋನ್ ಕಿತ್ತಿಟ್ಟರು. ದಿನವಿಡೀ ಸುಮ್ಮನೆ ಕೂರುತ್ತಿದ್ದರು. ಅಕ್ಕ ಮಾತ್ರ ಎಂದಿನಂತೆ ಬೆಳಿಗ್ಗೆ ಹಾಲಿನ ಪ್ಯಾಕೆಟ್ಟಿಂದ ಹಿಡಿದು ಸಂಜೆ ಕಸದ ಬುಟ್ಟಿಯವರೆಗೆ ಪ್ರತಿಯೊಂದಕ್ಕೂ ಗಂಡನನ್ನು ಬೈಯುತ್ತಾ ಓಡಾಡುತ್ತಿದ್ದಳು. ನಮ್ಮಕ್ಕ ಸುಮ್ಮನಿದ್ದರೆ ಮೈ ಸರಿಯಿಲ್ಲ ಅಂತ ಅರ್ಥ.

ಜೂನ್‌ನಲ್ಲಿ ಮನಸ್ಸಿಗೆ ಸ್ವಲ್ಪ ಬದಲಾವಣೆಯಾಗಲಿ ಅಂತ ಇಬ್ಬರನ್ನೂ ಒಂದು ಕೌಂಟಿ ಫೇರಿಗೆ, ಅಂದರೆ ಇಲ್ಲಿಯ ಜಾತ್ರೆಗೆ, ಕರೆದುಕೊಂಡು ಹೋದೆ. ಹಂದಿಗಳ ಶೆಡ್ಡು, ಜೇನಿನ ಅಂಗಡಿ, ತಿರುಗುವ ತೊಟ್ಟಿಲು ಎಲ್ಲ ದಾಟಿ ಹುಲ್ಲಿನ ಮೇಲೆ ಹಳೇ ಟ್ರ್ಯಾಕ್ಟರುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಒಬ್ಬ ಮುದುಕ ಒಂದನ್ನು ಸ್ಟಾರ್ಟ್ ಮಾಡಿದ. ಡುಬ್, ಡುಬ್, ಡುಬ್. ಒಂದು ಡುಬ್‌ಗೂ ಇನ್ನೊಂದು ಡುಬ್‌ಗೂ ನಡುವೆ ಒಂದು ಗುಟುಕು ಕಾಫಿ ಕುಡಿಯಬಹುದು. ಭಾವ ನಿಂತವರು ನಿಂತೇಬಿಟ್ಟರು. ಆಮೇಲೆ ಮುದುಕನನ್ನು ಕೇಳಿ ಮಡ್‌ಗಾರ್ಡ್ ಮೇಲೆ ಬಲಗೈ ಊರಿದರು, ಕಣ್ಣು ಮುಚ್ಚಿದರು, ಎಡಗೈ ಬೆರಳು ತಂದು ಬಲಗಿವಿಗೆ ತುರುಕಿಕೊಂಡರು! ಉಳಿದಿರುವುದೇ ಎರಡೂವರೆ ತಿಂಗಳು, ಅದರಲ್ಲೂ ಕಿವಿ ಮುಚ್ಚಿಕೊಳ್ಳುವುದೇ? ಬೆರಳು ತೆಗೆದರು, ಮತ್ತೆ ತುರುಕಿದರು. ಹೀಗೆ ಮುಕ್ಕಾಲು ಗಂಟೆ.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಶನಿಕಾಟ. ಪ್ರತಿ ಶನಿವಾರ ಒಂದೊಂದು ಊರಿನ ಟ್ರ್ಯಾಕ್ಟರ್ ಶೋ. ತಲೆಸುತ್ತು ಇರುವ ಭಾವ ಡ್ರೈವ್ ಮಾಡುವ ಹಾಗಿಲ್ಲ, ಹೈವೇ ಅಂದರೆ ಅಕ್ಕ ಸ್ಟೀರಿಂಗ್ ಮುಟ್ಟಲ್ಲ. ಹಾಗಾಗಿ ನಾನೇ ಸಾರಥಿ. ಫ್ಯಾರನ್‌ಹೀಟ್ ಲೆಕ್ಕದಲ್ಲಿ ತೊಂಬತ್ತೈದು ಡಿಗ್ರಿ ಬಿಸಿಲು, ಕೂಲರಿನಲ್ಲಿ ಚಿತ್ರಾನ್ನ, ಮಡಿಚುವ ಕುರ್ಚಿಯಲ್ಲಿ ಕೊಡೆ ಹಿಡಿದು ಕೂತ ಅಕ್ಕ. ಜನ ಹೆಂಡತೀನ ಹವಾಯಿಗೆ ಕರ್ಕೊಂಡು ಹೋಗ್ತಾರೆ, ನನ್ನ ಕರ್ಮಕ್ಕೆ ಡೀಸೆಲ್ ಹೊಗೆ ಅಂತ ಅವಳ ಸಹಸ್ರನಾಮ. ಭಾವ ಟ್ರ್ಯಾಕ್ಟರಿಂದ ಟ್ರ್ಯಾಕ್ಟರಿಗೆ ಹೋಗಿ ಕೈ ಇಟ್ಟು, ಕಿವಿ ಮುಚ್ಚಿ, ತೆಗೆದು, ವಾಪಸ್ ಬರುವಾಗ ಕಾರಿನಲ್ಲಿ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದರು. ಆ ಗಡ್ಡೆ ಆಗಲೇ ಮೆದುಳಿಗೆ ಒತ್ತಿದೆ ಅಂತ ನನಗೆ ಒಳಗೊಳಗೇ ಭಯ.

ನಮ್ಮಕ್ಕ ಕಡಿಮೆಯೇನಲ್ಲ. ಜುಲೈ ಕೊನೆಯ ಶೋನಲ್ಲಿ ನಾನು ನೀರು ತರಲು ಹೋಗಿ ಬರುವಷ್ಟರಲ್ಲಿ, ಪರೇಡಿಗೆ ಸಿದ್ಧವಾಗಿ ನಿಂತಿದ್ದ ಒಂದು ಬೂದು ಟ್ರ್ಯಾಕ್ಟರಿನ ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಫಳಫಳ ಹೊಳೆಯುವ ಬಾನೆಟ್ಟಿಗೆ ಕುಂಕುಮದ ಬೊಟ್ಟು ಇಟ್ಟುಬಿಟ್ಟಿದ್ದಳು! ಯಾರದೋ ಗಾಡಿ! ಯಾರದೋ ಪೇಂಟು! ಆಪರೇಷನ್ ಚೆನ್ನಾಗಾಗಲಿ ಅಂತ ಹರಸಿಕೊಂಡಿದ್ದಳಂತೆ. ಯಜಮಾನ ಬಂದ. ಎಂಬತ್ತರ ಹತ್ತಿರದ ಆಳು, ಭುಜಕ್ಕೆ ಪಟ್ಟಿ ಹಾಕಿದ ಪ್ಯಾಂಟು. ನಿಂಬೆಹಣ್ಣು ನೋಡಿದ, ಬೊಟ್ಟು ನೋಡಿದ, ಅಕ್ಕನ ಹಣೆ ನೋಡಿದ. ನಾನು ಪೊಲೀಸರಿಗೆ ಏನು ಹೇಳಬೇಕು ಅಂತ ಲೆಕ್ಕ ಹಾಕುತ್ತಿದ್ದೆ.

ಗಾಡಿಗೆ ಕೆಟ್ಟ ದೃಷ್ಟಿ ತಾಗದಿರಲಿ ಅಂತ ನಮ್ಮಲ್ಲಿ ಹೀಗೆ ಮಾಡುತ್ತಾರೆ ಅಂತ ಭಾವ ಇಂಗ್ಲಿಷಿನಲ್ಲಿ ವಿವರಿಸಿದರು. ಆತ ಬಾನೆಟ್ಟಿನ ಬೂದು ಬಣ್ಣ ತೋರಿಸಿದ. ಈ ಬಣ್ಣ ಆರಿಸಿದ್ದು ತನ್ನ ಹೆಂಡತಿ, ಫೆಬ್ರವರಿಯಲ್ಲಿ ತೀರಿಕೊಂಡಳು ಅಂದ. ಆಮೇಲೆ ಕೇಳಿದ: “ಇದು ಮನುಷ್ಯರಿಗೂ ಕೆಲಸ ಮಾಡುತ್ತಾ?”

“ಸೆಪ್ಟೆಂಬರ್‌ನಲ್ಲಿ ಗೊತ್ತಾಗುತ್ತೆ,” ಅಂದರು ಭಾವ.

ಆತ ಬೊಟ್ಟು ಒರೆಸಲಿಲ್ಲ. ನಾಲ್ಕೂ ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಿಕೊಂಡು ಪರೇಡಿಗೆ ಹೋದ.

ಕೊನೆಯ ಶೋ ಆಗಸ್ಟ್ ಕೊನೆಗೆ, ಮಿಷಿಗನ್‌ನಲ್ಲಿ, ಪ್ಲಿಮತ್ ಎಕ್ಸಿಟ್ ದಾಟಿ ಇನ್ನೂ ನಲವತ್ತು ಮೈಲಿ. ಐದು ಗಂಟೆ ಡ್ರೈವ್ ಮಾಡಿ ಹೋದರೆ ಜಿಟಿಜಿಟಿ ಮಳೆ, ಕೆಸರು, ಬಂದಿದ್ದೇ ಎಂಟೋ ಹತ್ತೋ ಟ್ರ್ಯಾಕ್ಟರು. ಅಕ್ಕ ರೆಸ್ಟ್‌ರೂಮ್ ಹುಡುಕಿಕೊಂಡು ಹೋದಳು. ಭಾವ ಎಂದಿನಂತೆ ಕಿವಿಗೆ ಬೆರಳಿಟ್ಟರು. ನನಗೆ ಎಲ್ಲಿತ್ತೋ ಸಿಟ್ಟು, ಆ ಬೆರಳನ್ನು ಹಿಡಿದು ಎಳೆದೆ.

“ಇನ್ನು ಹತ್ತು ದಿನ ಅಷ್ಟೇ ಭಾವ. ಅಕ್ಕ ದಿನವೆಲ್ಲಾ ಮಾತಾಡ್ತಾಳೆ. ಅದನ್ನ ಕೂತು ಕೇಳೋದು ಬಿಟ್ಟು, ಇರೋ ಒಂದು ಕಿವೀನೂ ಮುಚ್ಕೊಂಡು ಈ ತುಕ್ಕು ಕಬ್ಬಿಣದ ಮುಂದೆ ನಿಂತಿದೀರಲ್ಲ, ನಿಮಗೆ ಬುದ್ಧಿ ಇದೆಯಾ?”

ಭಾವ ರೇಗಲಿಲ್ಲ. ನನ್ನ ಅಂಗೈ ತೆಗೆದು ಮಡ್‌ಗಾರ್ಡಿನ ಮೇಲೆ ಇಟ್ಟರು. ಮೊಣಕೈವರೆಗೂ ಅದುರಿತು.

“ಶಬ್ದ ಅಂದ್ರೆ ನಡುಕ ಕಣೇ, ಇನ್ನೇನಲ್ಲ. ಇಪ್ಪತ್ತಾರು ವರ್ಷ ನಾನು ಅದನ್ನೇ ಅಲ್ವಾ ಕೊಂದಿದ್ದು? ಮೊದಲು ಕಿವಿಯಲ್ಲಿ ಕೇಳ್ತೀನಿ, ಆಮೇಲೆ ಕಿವಿ ಮುಚ್ಕೊಂಡು ಅದನ್ನೇ ಕೈಯಲ್ಲಿ ಹುಡುಕ್ತೀನಿ. ಕೈಗೆ ಪಾಠ ಹೇಳಿಕೊಡ್ತಾ ಇದೀನಿ.”

ಅದಕ್ಕೆ ಟ್ರ್ಯಾಕ್ಟರೇ ಬೇಕಾ ಅಂದೆ.

“ಹಳೇ ಟ್ರ್ಯಾಕ್ಟರು ನಿಧಾನ, ಬಿಡಿಸಿ ಬಿಡಿಸಿ ಹೇಳುತ್ತೆ. ಇದು ಒಂದನೇ ಕ್ಲಾಸು. ನಿಮ್ಮಕ್ಕನ ಮಾತು ಕಾಲೇಜು. ನೇರ ಅಲ್ಲಿಗೆ ಹೋದ್ರೆ ಫೇಲಾಗ್ತೀನಿ.”

ಅಕ್ಕನಿಗೆ ಹೇಳಬೇಡ ಅಂತಲೂ ಮಾತು ತೆಗೆದುಕೊಂಡರು. ಗೊತ್ತಾದರೆ ಅವಳು ವಾರ್ತೆ ಓದುವವರ ಥರ ನಾಜೂಕಾಗಿ ಮಾತಾಡುತ್ತಾಳಂತೆ. ಇವರಿಗೆ ಬೇಕಾಗಿದ್ದುದು ಬೈಗುಳವಂತೆ. ನಾನು ಜೋಳದ ಅಂಗಡಿ ಹಿಂದೆ ಹೋಗಿ ಅತ್ತು ಬಂದೆ. ಕಣ್ಣು ಯಾಕೆ ಕೆಂಪಾಗಿದೆ ಅಂತ ಅಕ್ಕ ಕೇಳಿದಾಗ ಧೂಳು ಅಂದೆ. ಮಳೆ ಬರುತ್ತಲೇ ಇತ್ತು.

ಆಪರೇಷನ್ ಆಯಿತು. ಜೀವ ಉಳಿಯಿತು, ಡಾಕ್ಟರು ಹೇಳಿದ ಹಾಗೆ ಕಿವಿ ಹೋಯಿತು. ನಾವು ಯಾರೂ ಎಣಿಸದಿದ್ದ ಇನ್ನೊಂದು ಆಯಿತು: ಅಕ್ಕ ಮಾತು ನಿಲ್ಲಿಸಿಬಿಟ್ಟಳು. ಯಾರಿಗೆ ಅಂತ ಮಾತಾಡಲಿ ಅಂದಳು. ಒಂದು ಬಿಳಿ ಬೋರ್ಡು ತಂದು, ಊಟ ರೆಡಿ, ಮಾತ್ರೆ ತಗೊಳ್ಳಿ ಅಂತ ಬರೆದು ತೋರಿಸುತ್ತಿದ್ದಳು. ಬೋರ್ಡಿನಲ್ಲಿ ಯಾರಿಗಾದರೂ ಬೈಯಲು ಬರುತ್ತಾ? ಬೇಸಿಗೆಯೆಲ್ಲ ಕಷ್ಟಪಟ್ಟು ಓದಿದ ವಿದ್ಯಾರ್ಥಿ ಸಿದ್ಧನಾಗಿ ಬಂದರೆ, ಪರೀಕ್ಷೆಯೇ ಇಲ್ಲ.

ಅಕ್ಟೋಬರ್‌ನ ಒಂದು ಶನಿವಾರ ಹೋಗಿದ್ದೆ. ಅಕ್ಕ ಒಲೆಯ ಮುಂದೆ ನಮಗೆ ಬೆನ್ನು ಮಾಡಿ ಹುಳಿ ಕುದಿಸುತ್ತಿದ್ದಳು. ಭಾವ ಗೋಡೆ ಹಿಡಿದುಕೊಂಡು ಬಂದು, ಅವಳ ಬೆನ್ನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ತುಂಬ ಹೊತ್ತು ಹಾಗೇ ನಿಂತರು. ಆಮೇಲೆ ನನ್ನ ಕಡೆ ತಿರುಗಿದರು. ಎಷ್ಟು ಜೋರಾಗಿ ಮಾತಾಡುತ್ತಿದ್ದೇನೆ ಅಂತ ಈಗ ಅವರಿಗೇ ಗೊತ್ತಾಗುವುದಿಲ್ಲ.

“ಇದು ಮಾತಲ್ಲ ಕಣೇ. ಅಳ್ತಿದಾಳೆ. ಇದನ್ನ ಯಾವ ಟ್ರ್ಯಾಕ್ಟರೂ ಹೇಳಿಕೊಡಲಿಲ್ಲ.”

ನಾನು ಕೊಟ್ಟ ಮಾತು ಮುರಿದೆ. ಒಲೆ ಆರಿಸಿ, ಮಡ್‌ಗಾರ್ಡು, ಒಂದನೇ ಕ್ಲಾಸು, ಕಾಲೇಜು, ಎಲ್ಲ ಅಕ್ಕನಿಗೆ ಹೇಳಿದೆ. ಅವಳು ಕಣ್ಣು ಒರೆಸಿಕೊಳ್ಳಲಿಲ್ಲ, ಸೌಟನ್ನೂ ಕೆಳಗಿಡಲಿಲ್ಲ. ಬೆನ್ನ ಮೇಲಿನ ಕೈ ಜಾರದ ಹಾಗೆ ಅಲ್ಲೇ ನಿಂತು, ಗೋಡೆಗೆ ಮುಖ ಮಾಡಿ ಶುರುಮಾಡಿದಳು: ಇದಕ್ಕಾ ನನ್ನನ್ನ ಮೂರು ತಿಂಗಳು ಬಿಸಿಲಲ್ಲಿ ಒಣಗಿಸಿದ್ದು, ಬಾಯಿಬಿಟ್ಟು ಒಂದು ಮಾತು ಹೇಳೋಕೆ ಏನಾಗಿತ್ತು, ಕಲ್ಲಿನಂಥ ಮನುಷ್ಯ, ಕಟ್ಟಿಕೊಂಡ ದಿನದಿಂದ ಇದೇ ಗೋಳು... ಬಾಕಿ ಉಳಿದಿದ್ದ ಬೈಗುಳವೆಲ್ಲ ಒಂದರ ಹಿಂದೆ ಒಂದು ಬಂತು.

ಭಾವ ಕಣ್ಣು ತೆರೆಯಲಿಲ್ಲ. ಅಂಗೈಯನ್ನು ಇನ್ನಷ್ಟು ಒತ್ತಿ ಹಿಡಿದು, ಇಡೀ ಸಬ್‌ಡಿವಿಷನ್ನಿಗೆ, ಅಂದರೆ ಇಡೀ ಬಡಾವಣೆಗೆ, ಕೇಳಿಸುವ ಹಾಗೆ ಅಂದರು: “ಈಗ ಸ್ಟಾರ್ಟ್ ಆಯ್ತು.”